ರಸ್ತೆ ಬಂದ ಮೇಲೆ ಹೊರಟವಳು

"ಎಷ್ಟು ತಿಂಗಳಿಗೆ ಬಂದಿದ್ದೀರಿ ಟೀಚರಮ್ಮ?"

ಲಾರಿಯಿಂದ ಇಳಿದ ಯೊವಾನಾ ಇನ್ನೂ ಸರಿಯಾಗಿ ಉಸಿರೆಳೆದುಕೊಂಡಿರಲಿಲ್ಲ. ಬೆಟ್ಟದ ಮೇಲಿನ ತೆಳುಗಾಳಿಗೆ ತಲೆ ಗಿರ್ರೆನ್ನುತ್ತಿತ್ತು. ಕುದುರೆಯ ಹಗ್ಗ ಹಿಡಿದು ಎದುರಿಗೆ ನಿಂತವನು ಬನ್ನಿ ಅನ್ನಲಿಲ್ಲ, ನಮಸ್ಕಾರ ಅನ್ನಲಿಲ್ಲ. ಬಾಯಿ ಬಿಟ್ಟವನೇ ಕೇಳಿದ ಮೊದಲ ಮಾತು ಅದು!

"ಅಂದ್ರೆ?"

"ಅಂದ್ರೆ... ಹೋದ ವರ್ಷದವರು ಈಸ್ಟರ್ ಹಬ್ಬಕ್ಕೆ ಅಂತ ಹೋದವರು ವಾಪಸ್ ಬರ್ಲಿಲ್ಲ. ಅದಕ್ಕೂ ಮುಂಚಿನವರ ಅಮ್ಮನಿಗೆ ಹುಷಾರಿರಲಿಲ್ಲ. ಅವರಿಗಿಂತ ಮುಂಚಿನವರ ಅಮ್ಮನಿಗೂ ಹುಷಾರಿರಲಿಲ್ಲ. ನಮ್ಮೂರು ಚುಲ್ಲುಪಂಪಕ್ಕೆ ಬರೋ ಟೀಚರ್‌ಗಳ ಅಮ್ಮಂದಿರಿಗೆಲ್ಲ ಅದೇನು ಗ್ರಹಚಾರವೋ!"

ಅರೆಕೀಪಾ ನಗರದ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಯೊವಾನಾಳ ಅಮ್ಮ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿರುತ್ತಾಳೆ. ಅದನ್ನು ಹೇಳಿದರೆ ಈ ಮನುಷ್ಯ ನಗುತ್ತಾನೆ... ಇನ್ನು ಹೇಳುವುದು ಹೇಗೆ?

"ನಾನು ಬಂದಿರೋದು ದುಡ್ಡಿಗೆ," ಎಂದಳು ಬಿಗಿಯಾಗಿ. "ಯಾರೂ ಬರದ ಶಾಲೆಗೆ ಹೋದ್ರೆ ಸಂಬಳದ ಮೇಲೆ ಸರ್ಕಾರ ಭತ್ಯೆ ಕೊಡುತ್ತೆ. ಅದಕ್ಕೇ ಬಂದೆ. ಯಾಕೆ, ನೀವು ಅಲ್ಪಾಕದ ಉಣ್ಣೇನ ಪುಕ್ಕಟೆ ಹಂಚ್ತೀರಾ?"

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಟೋಪಿ ತೆಗೆದ.

"ಫೆರ್ಮಿನ್ ಅಂತ. ಈ ಊರಿನ ಮುಖಂಡ. ಕುದುರೆ ಹತ್ತಿ, ಸಂಜೆ ಒಳಗೆ ಊರು ಸೇರ್ಬೇಕು. ಸುಳ್ಳು ಹೇಳದೇ ಇರೋ ಟೀಚರ್ ನೀವೇ ಮೊದಲು."

ಒಂದು ಸತ್ಯವನ್ನು ನುಂಗಿಕೊಂಡೇ ನಿಂತಿದ್ದೇನೆ ಎಂದು ಅವಳ ಮನಸ್ಸು ಚುಚ್ಚಿತು.

* * *

ಒಂದೇ ಕೋಣೆಯ ಶಾಲೆ. ಒಡೆದ ಕಿಟಕಿಗೆ ಗೋಣಿಚೀಲ. ಮಕ್ಕಳು ಗೋಡೆಗೆ ಒತ್ತಿಕೊಂಡು ಕೂತಿದ್ದರು. ಅವರಲ್ಲಿ ಒಬ್ಬಳು ಮಾತ್ರ ಬಾಯೇ ಬಿಡಲಿಲ್ಲ. ಅವಳು ನೈದಾ, ಫೆರ್ಮಿನ್‌ನ ಮಗಳು.

"ಅವಳಮ್ಮ ಹೆರಿಗೆ ನೋವಲ್ಲಿದ್ಲು," ಎಂದ ಫೆರ್ಮಿನ್ ಒಂದು ದಿನ. "ಕಂಬಳಿಯಲ್ಲಿ ಮಲಗಿಸ್ಕೊಂಡು ನಾಲ್ಕು ಜನ ಹೊತ್ಕೊಂಡು ಹೊರಟ್ವಿ. ನೈದಾ ಹಿಂದೆಯೇ ಓಡಿ ಬಂದ್ಲು. ಲಾರಿ ನಿಲ್ಲೋ ಜಾಗ ಕಣ್ಣಿಗೆ ಕಾಣಿಸ್ತಿತ್ತು ಟೀಚರಮ್ಮ... ಅಷ್ಟರಲ್ಲಿ..."

ಅವನು ಟೋಪಿ ತೆಗೆದ. ನೈದಾ ಅವತ್ತಿನಿಂದ ಮಾತು ಬಿಟ್ಟವಳು.

ಅಲ್ಲಿ ಜೂನ್ ಎಂದರೆ ಕಡುಚಳಿ. ವರ್ಷಕ್ಕಾಗುವಷ್ಟು ಒಣಗಿಸಿಡಲು ರಾತ್ರಿಯ ಹಿಮಕ್ಕೆ ಆಲೂಗಡ್ಡೆ ಹರವಿ, ಬೆಳಿಗ್ಗೆ ಬರಿಗಾಲಲ್ಲಿ ತುಳಿದು ನೀರು ಹಿಂಡುವ ಕಾಲ ಬಂತು. ಯೊವಾನಾ ಬೂಟು ಬಿಚ್ಚಿಟ್ಟು ತಾನೂ ಇಳಿದಳು.

"ಅಯ್ಯೋ! ಕಾಲೋ ಕಲ್ಲೋ ಗೊತ್ತಾಗ್ತಿಲ್ಲ!" ಎಂದು ಕುಣಿದಾಡಿದಳು.

"ಇದಕ್ಕೆ ಭತ್ಯೆ ಇಲ್ಲ ಟೀಚರಮ್ಮ!" ಎಂದು ಫೆರ್ಮಿನ್ ಕೂಗಿದ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಜಾರಿದವಳನ್ನು ಹಿಡಿದ ಅವನ ಕೈ ಬಿಡುವುದನ್ನು ಮರೆಯಿತು. ಅವಳೂ ಬಿಡಿಸಿಕೊಳ್ಳುವುದನ್ನು ಮರೆತಳು. ಆಗ ಪಕ್ಕದಲ್ಲಿ ಒಂದು ಸಣ್ಣ ದನಿ...

"ಟೀಚರ್ ಕಾಲು ನೀಲಿಯಾಗಿದೆ ಅಪ್ಪ."

ನೈದಾ ಮಾತಾಡಿದ್ದಳು! ಫೆರ್ಮಿನ್ ಮುಖ ತಿರುಗಿಸಿಕೊಂಡು ಕಣ್ಣೊರೆಸಿದ. ಅವತ್ತೇ ಯೊವಾನಾ ಸೋತುಹೋದಳು. ಭತ್ಯೆಗಾಗಿ ಹತ್ತಿದ ಬೆಟ್ಟದಲ್ಲಿ ಅವಳು ಮನಸ್ಸು ಕಳೆದುಕೊಂಡಿದ್ದಳು.

ಕೆಲವು ವಾರಗಳ ಮೇಲೆ ಅವನೇ ಶಾಲೆಯ ಬಾಗಿಲಿಗೆ ಬಂದ.

"ನಮಗೆ ರಸ್ತೆ ಬೇಕು. ನಾವು ಕೇಳಿದ್ರೆ ಸರ್ಕಾರಕ್ಕೆ ಕಿವಿ ಕೇಳಿಸಲ್ಲ. ನೀವೇ ಒಂದು ಅರ್ಜಿ ಬರೆದು ಕೊಟ್ಟು ಬರ್ತೀರಾ?"

ಶಾಲೆಯ ಹೆಸರಲ್ಲಿ ಕೊಡುವ ಅರ್ಜಿಗೆ ಶಿಕ್ಷಣ ಕಚೇರಿಯ ಮೊಹರು ಬೇಕಿತ್ತು. ಪಟ್ಟಣದ ಆ ಕಚೇರಿಯ ಅಧಿಕಾರಿ ಅರ್ಜಿಯನ್ನು ಓದಿ ಕನ್ನಡಕ ತೆಗೆದಿಟ್ಟ.

"ರಸ್ತೆ ಬಂದ್ರೆ ನಿಮ್ಮ ಶಾಲೆ ದುರ್ಗಮ ಅನ್ನೋ ಪಟ್ಟಿಯಿಂದ ಹೊರಗೆ ಬೀಳುತ್ತೆ, ಗೊತ್ತಲ್ವಾ? ಭತ್ಯೆ ನಿಲ್ಲುತ್ತೆ."

ಅವಳ ಕಣ್ಣ ಮುಂದೆ ಅಮ್ಮನ ಊದಿಕೊಂಡ ಕಾಲುಗಳು ಬಂದವು. ಆಸ್ಪತ್ರೆ ಪಕ್ಕದ ಬಾಡಿಗೆ ಕೋಣೆ, ಔಷಧಿ... ಎಲ್ಲವೂ ಆ ಭತ್ಯೆಯಲ್ಲೇ ನಡೆಯುತ್ತಿತ್ತು. ಆಮೇಲೆ ಕಂಬಳಿಯ ಹಿಂದೆ ಓಡುತ್ತಿದ್ದ ಪುಟ್ಟ ನೈದಾ ಬಂದಳು.

"ಗೊತ್ತು," ಎಂದಳು. "ಮೊಹರು ಹಾಕಿ ಸರ್."

* * *

ರಸ್ತೆ ಬಂತು! ಡೋಲು, ಕೊಳಲು, ಹೂವಿನ ಹಾರ, ಭಾಷಣ. ಮೊದಲ ಲಾರಿ ಬಂದಾಗ ಮುದುಕಿಯರು ಅದರ ಚಕ್ರಕ್ಕೆ ಮುತ್ತಿಟ್ಟರು. ಫೆರ್ಮಿನ್ ಗುಂಪಿನಿಂದ ದೂರ ನಿಂತು ಆ ರಸ್ತೆಯನ್ನೇ ನೋಡುತ್ತಿದ್ದ.

ಮುಂದಿನ ಮಾರ್ಚ್‌ಗೆ ಭತ್ಯೆ ನಿಂತಿತು. ಅದೇ ವಾರ ಅರೆಕೀಪಾದಿಂದ ಚಿಕ್ಕಮ್ಮ ಫೋನ್ ಮಾಡಿದಳು.

"ಕೋಣೆ ಖಾಲಿ ಮಾಡಿ ಅಂತಿದಾರೆ ಕಣೇ. ನಿಮ್ಮಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ಯೊವಾನಾ ಇನ್ನೊಂದು ಶಾಲೆ ಆರಿಸಿಕೊಂಡಳು. ಹಿಮಶಿಖರದ ಆಚೆ, ರಸ್ತೆಯೇ ಇಲ್ಲದ ಊರು. ಭತ್ಯೆ ಇರುವ ಊರು.

"ಹೋಗ್ತಿದ್ದೀರಂತೆ?" ಫೆರ್ಮಿನ್ ಬಾಗಿಲಿಗೆ ಅಡ್ಡ ನಿಂತ. "ದುಡ್ಡು ನಿಂತ ತಕ್ಷಣ ಎಲ್ಲಾ ನಿಂತೋಯ್ತಾ? ನೈದಾ... ನಾನು... ನಾವ್ಯಾರೂ ಲೆಕ್ಕಕ್ಕೇ ಇಲ್ವಾ?"

*ಹೇಳಿಬಿಡಲೇ? ನನ್ನಮ್ಮ ಸಾಯ್ತಿದಾಳೆ ಅಂತ?* ನಾಲಿಗೆ ತುದಿಗೆ ಬಂದದ್ದು ಅಲ್ಲೇ ನಿಂತಿತು. ಹೇಳಿದರೆ, ಅಮ್ಮನ ನೆಪ ಹೇಳಿದವರಲ್ಲಿ ತಾನೂ ಒಬ್ಬಳಾಗಿಬಿಡುತ್ತಾಳೆ. ಇವನು ನಂಬಿಬಿಟ್ಟರೆ ಅದು ಇನ್ನೂ ಘೋರ. ಹೆಂಡತಿಯ ನೆನಪಿಗೆ ಬೇಡಿ ತಂದ ರಸ್ತೆಯೇ ಅಮ್ಮನ ಔಷಧಿಯ ದುಡ್ಡು ಕಸಿದದ್ದೆಂದು ಅವನು ಅದನ್ನು ಜೀವನಪೂರ್ತಿ ಶಪಿಸುತ್ತಾನೆ.

"ನಾನು ದುಡ್ಡಿಗೇ ಬಂದವಳು. ಮೊದಲ ದಿನಾನೇ ಹೇಳಿದ್ನಲ್ಲ!"

ಅವನು ಬೆನ್ನು ತಿರುಗಿಸಿ ನಡೆದ. ನೈದಾ ಮಾತ್ರ ಲಾರಿಯ ಹಿಂದೆ ಓಡಿ ಬಂದಳು... ತಿರುವಿನವರೆಗೂ. ಯೊವಾನಾ ಮುಖ ಮುಚ್ಚಿಕೊಂಡಳು.

* * *

ಆ ಭತ್ಯೆ ಅಮ್ಮನನ್ನು ಉಳಿಸಲಿಲ್ಲ.

ಆಗಸ್ಟ್‌ನಲ್ಲಿ ಸುದ್ದಿ ಬಂತು. ಬೆಟ್ಟ ಇಳಿದು, ಬಸ್ಸು ಹಿಡಿದು ಅರೆಕೀಪಾ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಮ್ಮನ ಮುಖವೂ ಸಿಗಲಿಲ್ಲ. ದುಡ್ಡು ಕಳಿಸಲೆಂದು ದೂರ ಹೋದವಳಿಗೆ ಆ ದೂರವೇ ಕೊನೆಯ ನೋಟವನ್ನು ಕಸಿದುಕೊಂಡಿತ್ತು.

ವಾಪಸ್ ಬರುವಾಗ ಸೂತಕದ ಕಪ್ಪು ಬಟ್ಟೆಯಲ್ಲೇ ಪಟ್ಟಣದ ಕಚೇರಿಗೆ ಹೋದಳು.

"ಅಮ್ಮ ಹೋಗಿಬಿಟ್ಲು. ಔಷಧಿಗೆ ಅಂತ ಇದ್ದ ಭತ್ಯೆ ನನಗೆ ಇನ್ನು ಬೇಡ ಸರ್. ಚುಲ್ಲುಪಂಪಕ್ಕೇ ಹಾಕಿಬಿಡಿ."

ಅಧಿಕಾರಿ ತಲೆ ತಗ್ಗಿಸಿದ.

"ಆ ಶಾಲೆ ಮುಚ್ಚಿತಮ್ಮ. ಭತ್ಯೆ ಇಲ್ಲ ಅಂತ ಯಾರೂ ಆ ಜಾಗ ಆರಿಸಲಿಲ್ಲ. ಟೀಚರ್ ಇಲ್ಲ ಅಂತ ಜನ ಮಕ್ಕಳನ್ನ ಕರ್ಕೊಂಡು ಪಟ್ಟಣಕ್ಕೆ ಇಳಿದ್ರು. ಈಗ ಲಾರಿ ಹೋಗುತ್ತಲ್ಲ... ಸಾಮಾನು ಸಾಗಿಸೋದು ಸುಲಭ."

ತಾನೇ ಬರೆದ ಅರ್ಜಿ! ತಾನೇ ಹಾಕಿಸಿದ ಮೊಹರು! ಹೋಗಲು ಬೇರೆ ಜಾಗ ಉಳಿದಿಲ್ಲವೆಂದು ಯೊವಾನಾ ತನ್ನ ದೂರದ ಶಾಲೆಗೇ ಹಿಂತಿರುಗಿದಳು. ಪಾಠ ಮಾಡಿದಳು. ಮಕ್ಕಳು ಮನೆಗೆ ಹೋದ ಮೇಲೆ ಒಲೆ ಹಚ್ಚುವುದನ್ನೇ ಬಿಟ್ಟಳು.

ಅಕ್ಟೋಬರ್‌ನ ಒಂದು ಮಧ್ಯಾಹ್ನ. ಶಾಲೆಯ ಅಂಗಳದಾಚೆ, ಕಲ್ಲಿನ ಏರಿನಲ್ಲಿ ಒಬ್ಬ ಮನುಷ್ಯ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದ.

ಫೆರ್ಮಿನ್!

ಅವನು ಬೈಯಲು ಬಂದನೇ? ಬೈಯಲಿ. ಅದಕ್ಕೆ ಅವನಿಗೆ ಹಕ್ಕಿದೆ...

"ಶಾಲೆ ಉಳಿಸಿ ಅಂತ ಕಚೇರೀಲಿ ಗೋಗರೆದೆ," ಎಂದ ಅವನು ಉಸಿರು ಸಿಕ್ಕ ಮೇಲೆ. "ಆಗಲ್ಲ ಅಂದ್ರು. ಹೋದ ವಾರ ಮತ್ತೆ ಹೋದಾಗ ಆ ಅಧಿಕಾರಿ ಹೇಳಿದ್ರು. ಭತ್ಯೆ ಹೋಗುತ್ತೆ ಅಂತ ಗೊತ್ತಿದ್ದೂ ಅರ್ಜಿ ಕೊಟ್ಟಳು ಆ ಹುಡುಗಿ ಅಂದ್ರು. ಅಮ್ಮ ಹೋದ ಸೂತಕದ ಬಟ್ಟೇಲೇ ಬಂದಿದ್ಲು ಅಂದ್ರು. ಯಾಕೆ ಹೇಳ್ಲಿಲ್ಲ? ನನಗೊಂದು ಮಾತು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?"

ಅವನ ಕಣ್ಣಿಂದ ನೀರು ಇಳಿಯಿತು.

"ನಂಬ್ತಿರ್ಲಿಲ್ಲ," ಎಂದ. "ಆ ಪಾಪ ನಂದು."

"ರಸ್ತೆ ತಂದು ನಿಮ್ಮೂರು ಖಾಲಿ ಮಾಡಿದ್ದು ನಾನು."

"ಊರಲ್ಲಿ ಈಗ ಉಳಿದಿರೋದು ಮುದುಕರು, ನಾಯಿಗಳು ಅಷ್ಟೇ. ಹೋದ ತಿಂಗಳು ಬಸುರಿಯೊಬ್ಬಳು ನೆಂಟರ ಮನೆಗೆ ಅಂತ ಬಂದಿದ್ಲು. ನೋವು ಶುರುವಾಯ್ತು. ಲಾರೀಲಿ ಹಾಕ್ಕೊಂಡು ಹೋದ್ವಿ. ತಾಯಿ, ಮಗು ಇಬ್ರೂ ಉಳಿದ್ರು." ಅವನು ಮುಖ ಒರೆಸಿಕೊಂಡ. "ನಗ್ಬೇಕೋ ಅಳ್ಬೇಕೋ ನನಗೆ ಗೊತ್ತಾಗ್ಲಿಲ್ಲ."

ಇಬ್ಬರೂ ಅಂಗಳದ ಕಲ್ಲಿನ ಮೇಲೆ ಕೂತರು. ಗಾಳಿ ಬೀಸುತ್ತಿತ್ತು.

"ನಿಮ್ಮಮ್ಮನ ಹೆಸರೇನು?"

ಆ ಹೆಸರನ್ನು ಈ ಬೆಟ್ಟಗಳಲ್ಲಿ ಯಾರೂ ಕೇಳಿರಲಿಲ್ಲ.

"ಎಸ್ತೆಫಾ..."

ಅವನು ಚೀಲದಿಂದ ಕೋಕಾ ಎಲೆಗಳನ್ನು ತೆಗೆದು, ಚೆನ್ನಾಗಿರುವ ಮೂರನ್ನು ಆರಿಸಿ, ಬೆಟ್ಟದವರು ಸತ್ತವರಿಗೆ ಅರ್ಪಿಸುವಂತೆ ಉಸಿರು ತಾಗಿಸಿ ಕಲ್ಲಿನಡಿ ಇಟ್ಟ. "ಎಸ್ತೆಫಮ್ಮ, ತಡವಾಗಿ ಬಂದೆ, ಕ್ಷಮಿಸಿ," ಎಂದ.

ಅಲ್ಲಿಯವರೆಗೆ ಅಳದಿದ್ದ ಯೊವಾನಾ ಬಿಕ್ಕಿಬಿಕ್ಕಿ ಅತ್ತಳು. ಅವನು ತಾನು ಹೊದ್ದಿದ್ದ ಕಂಬಳಿಯನ್ನು ಅವಳ ಹೆಗಲಿಗೆ ಹೊದಿಸಿ ಕೈ ಅಲ್ಲೇ ಇಟ್ಟ.

"ನನ್ನ ಹತ್ರ ಏನೂ ಉಳಿದಿಲ್ಲ ಫೆರ್ಮಿನ್."

"ನನ್ನ ಹತ್ರಾನೂ ಇಲ್ಲ. ನೈದಾ ಪಟ್ಟಣದಲ್ಲಿ ಯಾರದೋ ಮನೇಲಿದಾಳೆ. ಮತ್ತೆ ಮಾತು ಬಿಟ್ಟಿದಾಳೆ." ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದ. "ಯೊವಾನಾ... ಅವಳನ್ನ ಇಲ್ಲಿಗೆ ಕರ್ಕೊಂಡು ಬರ್ಲಾ? ನಿನ್ನ ತರಗತಿಗೆ?"

"ತರಗತಿಗೆ ಮಾತ್ರಾನಾ?"

"ಅಲ್ಲ," ಎಂದ ಅವನು ಮೆಲ್ಲಗೆ. "ನಾನೂ ಬರ್ತೀನಿ."

ಅವಳು ಕಂಬಳಿಯ ಇನ್ನೊಂದು ತುದಿಯನ್ನು ಅವನ ಮೇಲೆಳೆದಳು.

"ಒಲೆ ಹಚ್ಚಿ ಎಷ್ಟೋ ದಿನ ಆಯ್ತು... ಸೌದೆ ಒದ್ದೆಯಾಗಿದೆ."

"ಇರ್ಲಿ ಬಿಡು. ಇಬ್ರೂ ಊದೋಣ."