ಉತ್ತರದ ಗೋಡೆಯ ಅಳತೆ

“ಆ ಬಿರುಕಿಗೆ ನೂಲು ಇಳಿಸ್ಬೇಡಿ ಸ್ವಾಮಿ,” ಎಂದ ಚರ್ಚಿನ ಗಂಟೆ ಬಾರಿಸುವ ಮುದುಕ. “ಮೂರು ಸಲ ಬಿದ್ದ ಗೋಡೆ ಇದು. ನಾಲ್ಕನೇ ಸಲ ಮೇಸ್ತ್ರಿ ಮಾಟ ಮಾಡ್ದ. ಯಾರದ್ದೋ ಎತ್ತರ ನೂಲಲ್ಲಿ ಅಳೆದು ಒಳಗಿಟ್ಟ, ನಿಂತ್ಕೊಳ್ತು. ಗೋಡೆಗಾದದ್ದೆಲ್ಲ ಆ ಅಳತೆಯವರಿಗೂ ಆಗುತ್ತೆ. ಅವರು ಸತ್ರೆ ಹೊಸ ಅಳತೆಗೆ ಮತ್ತೆ ಬಾಯಿ ಬಿಡುತ್ತೆ. ಕೊನೇ ಅಳತೆ ನನ್ನ ತಂಗೀದು. ಹೋದ ತಿಂಗಳು ತೀರ್ಕೊಂಡ್ಲು.”

“ಹಾಗಾದ್ರೆ ನಿಮ್ಮ ಗೋಡೆಗೆ ಇಂಜಿನಿಯರ್ ಯಾಕೆ? ದರ್ಜಿ ಸಾಕಿತ್ತಲ್ಲ ಅಜ್ಜ!” ಎಂದು ನಕ್ಕ ಇಂಜಿನಿಯರ್.

ಹಳೆಯ ಕಟ್ಟಡಗಳ ಆಯುಸ್ಸು ಹೇಳುವುದು ಅವನ ಕೆಲಸ. ಇಪ್ಪತ್ತು ವರ್ಷದಲ್ಲಿ ಅವನ ಲೆಕ್ಕ ತಪ್ಪಿದ್ದಿಲ್ಲ. ದುಂಡು ಕಮಾನುಗಳು ಮೊದಲ ಕಾಲದವು, ಚೂಪು ಕಿಟಕಿಗಳು ಒಂದು ಶತಮಾನ ಈಚಿನವು. ಆಮೇಲಾರೋ ಏರಿಸಿದ ಗೋಪುರದ ಭಾರ ಉತ್ತರದ ಗೋಡೆಯನ್ನು ಹೊರಕ್ಕೆ ನೂಕುತ್ತಿತ್ತು. ವರದಿ ಆಗಲೇ ಪಾದ್ರಿಗಳ ಮೇಜಿನ ಮೇಲಿತ್ತು. ಬಿರುಕಿನ ಆಳವೊಂದು ಬಾಕಿ.

ಉಕ್ಕಿನ ಅಳತೆಪಟ್ಟಿ ಒಳಗೆ ಬಾಗಲಿಲ್ಲ. ಜೇಬಿನಿಂದ ನೂಲು ತೆಗೆದು, ತುದಿಗೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟ. ಹಸಿ ಸುಣ್ಣದ, ಆರಿದ ಮೇಣದಬತ್ತಿಯ ವಾಸನೆ ಬಂತು. ಅದರಡಿಯಲ್ಲಿ ಜ್ವರ ಬಂದವರ ಬಾಯಿಯ ವಾಸನೆ.

ನೂಲು ಜಗ್ಗಿತು.

ಅವನು ಹಿಡಿದ. ಒಳಗಿನಿಂದ ಮತ್ತೆ ಜಗ್ಗಿತು. ಬೆರಳು ಕೊಯ್ದಿತು. ನೂಲಿನ ಒಂದು ಗಂಟು ಬಿರುಕಿನೊಳಕ್ಕೆ ಜಾರಿತು. ಆಗ ನೆನಪಾಯಿತು. ಬೆಳಿಗ್ಗೆ, ಹೊಸ ಮಂಚಕ್ಕೆಂದು ಮಗಳನ್ನು ನಿಲ್ಲಿಸಿ ಇದೇ ನೂಲಲ್ಲಿ ಅಳೆದಿದ್ದ. ಹಿಮ್ಮಡಿಗೊಂದು ಗಂಟು. ನೆತ್ತಿಗೊಂದು ಗಂಟು.

ಎರಡನೆಯದೂ ಜಾರಿತು. ಕಲ್ಲು ಕಲ್ಲಿಗೆ ಉಜ್ಜಿತು. ಬಿರುಕು ಮುಚ್ಚಿತು.

ಸುತ್ತಿಗೆ ಎತ್ತಿ ಹೊಡೆದ. ಗಾರೆ ಉದುರಿತು. ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ಏನ್ರೀ, ಬೇಗ ಬನ್ನಿ!” ಹೆಂಡತಿ ಅಳುತ್ತಿದ್ದಳು. “ಮಗು ಸುಮ್ನೆ ಕೂತಿದ್ಲು, ಭುಜ ತಾನಾಗೇ ಸೀಳ್ಕೊಳ್ತು. ಮೈಯೆಲ್ಲ ಕಲ್ಲಿನ ಥರ ತಣ್ಣಗಿದೆ...”

ಮುದುಕ ಬಂದು ಅವನ ಕೈಯಿಂದ ಸುತ್ತಿಗೆ ಬಿಡಿಸಿಕೊಂಡ.

ಮಂಚ ಸಿದ್ಧವಾಯಿತು. ಬೆಳೆಯುವ ಮಗು ಎಂದು ಒಂದು ಗೇಣು ಹೆಚ್ಚಿಟ್ಟಿದ್ದ. ಅವಳು ಬಲಕ್ಕೆ ವಾಲಿಕೊಂಡೇ ಮಲಗುತ್ತಾಳೆ, ಗೋಪುರದಲ್ಲಿ ಗಂಟೆ ಬಾರಿಸಿದಾಗ ನಡುಗುತ್ತಾಳೆ. ಅವನು ದಿನವೂ ಗೋಡೆಗೆ ಸುಣ್ಣ ಮೆತ್ತುತ್ತಾನೆ, ಮರದ ತೊಲೆ ನಿಲ್ಲಿಸಿ ಆನಿಕೆ ಕೊಡುತ್ತಾನೆ. ಕೆಲಸ ಮುಗಿದ ಮೇಲೆ ಪಾದ್ರಿಗಳ ಕೋಣೆಗೆ ಹೋಗಿ, ತನ್ನದೇ ಅಕ್ಷರದ ವರದಿಯನ್ನು ಇನ್ನೊಮ್ಮೆ ಓದುತ್ತಾನೆ, ಎಲ್ಲಾದರೂ ತಪ್ಪು ಸಿಕ್ಕೀತೆಂದು.

‘ಉತ್ತರದ ಗೋಡೆ: ಆನಿಕೆ ಕೊಟ್ಟರೂ ಪ್ರಯೋಜನವಿಲ್ಲ. ಹೆಚ್ಚೆಂದರೆ ಎರಡು ವರ್ಷ.’