ಎಲೆ ಕೊಟ್ಟ ಕೈ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ತೊಂಬತ್ತೇಳರಲ್ಲಿ ನನಗೆ ಹದಿನೈದು. ಅವ್ವ ತೀರಿಕೊಂಡ ಮರುವರ್ಷವೇ ಅಪ್ಪ ಸುಶೀಲಳನ್ನು ಕಟ್ಟಿಕೊಂಡು ಕೊಣನೂರಿನ ನಮ್ಮ ಮನೆಗೆ ಕರೆತಂದಿದ್ದ. ನಾನು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ.

ಹೊಗೆಸೊಪ್ಪನ್ನು ಗೂಡಿನ ಬಿಸಿಯಲ್ಲಿ ಒಣಗಿಸಿ ಬೇಯಿಸುವ ಮೊದಲು ಕಡ್ಡಿಗೆ ಕಟ್ಟಬೇಕು. ಒಬ್ಬರು ಎಲೆ ಕೊಡುತ್ತಾರೆ, ಇನ್ನೊಬ್ಬರು ಕಟ್ಟುತ್ತಾರೆ. ಆ ಭಾನುವಾರ ಮಧ್ಯಾಹ್ನ ಹೊಂಗೆಮರದ ನೆರಳಲ್ಲಿ ತಲೆ ಬಗ್ಗಿಸಿ ಕಟ್ಟುತ್ತಿದ್ದೆ. ಎದುರಿನಿಂದ ಒಂದು ಕೈ ಎಲೆ ಕೊಡುತ್ತಲೇ ಇತ್ತು. ಸುಶೀಲಳೆಂದುಕೊಂಡು ಮುಖ ಎತ್ತಲಿಲ್ಲ. ಅವಳ ಹೊಸ ಬಳೆಗಳು ಸದ್ದೇ ಮಾಡುತ್ತಿರಲಿಲ್ಲ. ಆ ಬಿಸಿಲಲ್ಲೂ ಬೆರಳು ಬಾವಿನೀರಿನಂತೆ ತಣ್ಣಗಿದ್ದವು. ನನ್ನವ್ವನ ಹಾಗೇ ಆ ಕೈ ಮೂರು ಮೂರು ಎಲೆ ಕೊಟ್ಟು, ಕೊನೆಯದನ್ನು ಒಮ್ಮೆ ಸವರುತ್ತಿತ್ತು. ನನಗೆ ಜೊಂಪು ಹತ್ತಿತು.

"ಸಾಕು ಕಣವ್ವಾ," ಅಂದುಬಿಟ್ಟೆ.

ತಲೆ ಎತ್ತಿದರೆ ಎದುರಿಗೆ ಯಾರೂ ಇಲ್ಲ.

ಸ್ವಲ್ಪ ಹೊತ್ತಿಗೆ ಸುಶೀಲ ಅರಕಲಗೂಡಿನ ಬಸ್ಸಿಳಿದು ಬಂದಳು. ಬೆಳಿಗ್ಗೆಯೇ ಅವಳು ತವರಿಗೆ ಹೋದದ್ದು, ಮಾತು ಬಿಟ್ಟಿದ್ದ ನನಗೆ ಗೊತ್ತೇ ಇರಲಿಲ್ಲ.

"ಬಸ್ನಲ್ಲಿ ನಿದ್ದೆ ಬಂದ್ಬುಟ್ಟಿತ್ತು ಕಣೇ. ನೀನು ಅವ್ವಾ ಅಂತ ಕೂಗ್ದಂಗಾಯ್ತು, ಎದ್ಬುಟ್ಟೆ. ಇದೇನ್ ನೋಡು," ಎಂದು ಅಂಗೈ ಚಾಚಿದಳು.

ಎರಡೂ ಕೈಗೆ ಹಸಿ ಹೊಗೆಸೊಪ್ಪಿನ ಕಪ್ಪು ಅಂಟು ಮೆತ್ತಿತ್ತು.