ಸಿಮೆಂಟು ಹಾಕಿದ ತಾತ

“ಇಲ್ಲಿ ಮೆತ್ತಗಿದೆ, ಮಿಸ್,” ಎಂದಳು ಬೆನಿಲ್ದೆ. ಹೇಳುತ್ತಲೇ ಕೊನೆಯ ಬೆಂಚಿನ ಪಕ್ಕದ ಗೋಡೆಯನ್ನು ಬೆರಳಿನಿಂದ ಒತ್ತಿದಳು. ಬೆರಳು ಸುಣ್ಣವನ್ನು ದಾಟಿ ಎರಡನೇ ಗೆಣ್ಣಿನವರೆಗೂ ಒಳಗೆ ಹೋಯಿತು.

ಮಿಸ್ ರೂತ್ ಕೈಯಲ್ಲಿದ್ದ ಪುಟ್ಟ ಸುತ್ತಿಗೆಯನ್ನು ಕೆಳಗಿಟ್ಟರು. ಅವರು ಸಾಂಟಾ ಫೆ ಪಟ್ಟಣದಿಂದ ಬಂದಿದ್ದರು. ಹಳೆಯ ಮಣ್ಣಿನ ಕಟ್ಟಡಗಳನ್ನು ಉಳಿಸುವ ಒಂದು ಸಂಸ್ಥೆಯವರು. ಪಿನ್ಯಾಲ್ ಊರಿನ ಚರ್ಚಿನ ಗೋಡೆ ಉಬ್ಬುತ್ತಿದೆ ಎಂದು ಊರಿನವರೇ ಕಾಗದ ಬರೆದು ಅವರನ್ನು ಕರೆಸಿದ್ದರು. ಬೆಳಗ್ಗೆಯಿಂದ ಅವರು ಡಾಕ್ಟರು ರೋಗಿಯ ಬೆನ್ನು ತಟ್ಟುವ ಹಾಗೆ ಗೋಡೆಯನ್ನು ತಟ್ಟಿ ತಟ್ಟಿ ನೋಡುತ್ತಿದ್ದರು.

“ಇಲ್ಲಿ ಮೆತ್ತಗಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಪಾದ್ರಿಗಳ ಮಾತು ಉದ್ದ ಆದಾಗೆಲ್ಲ ನಾನು ಇಲ್ಲಿ ಕೆರೀತಾ ಕೂತಿರ್ತೀನಿ.”

ಸುತ್ತ ನಿಂತಿದ್ದವರೆಲ್ಲ ನಕ್ಕರು. ಬೆನಿಲ್ದೆಯ ತಾತ ಎಪಿಮೆನಿಯೊ ಕೂಡ ನಕ್ಕ.

ಎಲ್ಲರೂ ಹೊರಗೆ ಬಂದರು. ಅದೇ ಜಾಗದ ಹೊರಗೋಡೆಯಲ್ಲಿ ಮಿಸ್ ರೂತ್ ತವೆಯಷ್ಟು ಅಗಲದ ಸಿಮೆಂಟನ್ನು ಉಳಿಯಿಂದ ಕೊರೆದು ತೆಗೆದರು. ಒಳಗಿನಿಂದ ಒದ್ದೆ ಮಣ್ಣು ಪಿಚಕ್ಕೆಂದು ಹೊರಬಂದು ಅವರ ಬೂಟಿನ ಮೇಲೆ ಬಿತ್ತು. ಮಣ್ಣಿನ ಇಟ್ಟಿಗೆ ಇರಬೇಕಾದ ಕಡೆ ಬರೀ ಕೆಸರಿತ್ತು.

“ಮಣ್ಣಿನ ಗೋಡೆ ಮಳೆಗೆ ನೆನೆಯತ್ತೆ, ಬಿಸಿಲಿಗೆ ಒಣಗತ್ತೆ,” ಎಂದರು ಮಿಸ್ ರೂತ್. “ಮೇಲೆ ಸಿಮೆಂಟು ಇದ್ರೆ ಒಳಗೆ ಹೋದ ನೀರು ಹೊರಗೆ ಬರಕ್ಕಾಗಲ್ಲ. ಇನ್ನೆರಡು ಚಳಿಗಾಲ ಬಿಟ್ಟಿದ್ರೆ ಈ ಗೋಡೆ ಕೂತುಬಿಡ್ತಿತ್ತು. ಸಿಮೆಂಟು ಹಾಕಿದ್ದು ಯಾರು?”

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ತಾತ ಟೋಪಿ ಹಾಕಿಕೊಂಡ. ಬೆನಿಲ್ದೆಯನ್ನು ಕರೆಯದೆ ಒಬ್ಬನೇ ಮನೆಯ ದಾರಿ ಹಿಡಿದ.

ಊರಿನ ಬಾಯಿ ಗೊತ್ತಲ್ಲ, ಅದಕ್ಕೆ ಮುಚ್ಚಳ ಇಲ್ಲ. ಸೋಮವಾರ ಸ್ಕೂಲ್ ಬಸ್ಸು ಹತ್ತುವಷ್ಟರಲ್ಲಿ ಸುದ್ದಿ ಅಲ್ಲಿಗೂ ಬಂದು ಸೀಟು ಹಿಡಿದಿತ್ತು.

“ನಮ್ಮ ತಾತ ಐವತ್ತು ವರ್ಷದ ಹಿಂದೆ ಮಾಡಿದ್ದನ್ನ ಒಂದೇ ಬೆರಳಲ್ಲಿ ಕೆಡವಿದ್ಯಲ್ಲೇ,” ಎಂದ ದೊಡ್ಡಮ್ಮನ ಮಗ ಲಿಯಾಂದ್ರೊ. “ನನ್ನ ಮ್ಯಾಥ್ಸ್ ಬುಕ್ಕಿಗೂ ಒಂದ್ಸಲ ಬೆರಳು ಹಾಕು.”

“ಸುಮ್ನೆ ಕೂತ್ಕೋ,” ಎಂದಳು ಬೆನಿಲ್ದೆ. ಕಿಟಕಿಯ ಕಡೆ ತಿರುಗಿ ಕೂತಳು. ಅವಳಿಗೆ ಅಳು ಬರುತ್ತಿತ್ತು.

ತಾತ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಊಟಕ್ಕೆ ಕೂತರೆ ಬೀನ್ಸ್ ಮತ್ತು ಮೆಣಸಿನಕಾಯಿ ಸಾರಿನ ತಟ್ಟೆಯನ್ನೇ ನೋಡುತ್ತಿದ್ದ. ಭಾನುವಾರ ಬಂತು. “ಮೊಣಕಾಲು ನೋವು, ನೀವು ಹೋಗಿ ಬನ್ನಿ,” ಎಂದುಬಿಟ್ಟ. ಬೆನಿಲ್ದೆ ಹುಟ್ಟಿದ ಮೇಲೆ ತಾತ ಭಾನುವಾರ ಚರ್ಚಿಗೆ ಹೋಗದೆ ಇದ್ದದ್ದು ಅದೇ ಮೊದಲು. ಅದೇ ಮೊಣಕಾಲಿನಲ್ಲಿ ಅವನು ಹಿಂದಿನ ದಿನ ತೋಟದ ಬೇಲಿ ದಾಟಿದ್ದನ್ನು ಅವಳು ನೋಡಿದ್ದಳು.

“ನನ್ನಿಂದ ಅಲ್ವಾ ಅಮ್ಮ?”

“ಸ್ವಲ್ಪ ದಿನ ಬಿಡು, ಸರಿಹೋಗ್ತಾನೆ,” ಎಂದಳು ಅಮ್ಮ. ಆದರೆ ಮುಂದಿನ ಭಾನುವಾರವೂ ತಾತನ ಮೊಣಕಾಲು ನೋಯಿತು. ಇನ್ನು ತಾತ ಚರ್ಚಿನ ಮೆಟ್ಟಿಲು ಹತ್ತುವುದೇ ಇಲ್ಲವೇನೋ ಎಂದು ಬೆನಿಲ್ದೆಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಕೆಲಸ ಶುರುವಾಗಿತ್ತು. ಸಂಸ್ಥೆಯವರ ಕರಾರು ಒಂದೇ. ಸಾಮಾನು ನಾವು ಕೊಡುತ್ತೇವೆ, ಕಲಿಸಲು ಜನ ಕಳಿಸುತ್ತೇವೆ, ಮಾಡುವ ಕೈ ಮಾತ್ರ ಊರಿನವರದ್ದೇ ಆಗಬೇಕು ಎಂದಿದ್ದರು. ಬೇಸಿಗೆ ರಜೆ ಬಂದದ್ದರಿಂದ ಮಕ್ಕಳೂ ಸೇರಿದ್ದರು. ಮಣ್ಣು, ಹುಲ್ಲು, ನೀರು ಹಾಕಿ ತುಳಿಯುವುದು ಅವರ ಪಾಲಿನ ಕೆಲಸ. ಮಿಸ್ ರೂತ್ ಮೂರು ಕಡೆಯ ಮಣ್ಣು ತಂದು ಗೋಡೆಯ ಮೇಲೆ ಮೂರು ತೇಪೆ ಹಚ್ಚಿ ನೋಡಿದರು. ಎರಡು ದಿನ ಕಳೆಯುವಷ್ಟರಲ್ಲಿ ಎರಡು ತೇಪೆ ಬಿರುಕು ಬಿಟ್ಟವು. ಮೂರನೆಯದು ಬಿರುಕು ಬಿಡುವ ಗೋಜಿಗೇ ಹೋಗದೆ ಪೂರಾ ಕಳಚಿ ಬಿತ್ತು.

“ಹಿಂದಿನವರು ಬೇರೆ ಎಲ್ಲಿಂದಲೋ ಮಣ್ಣು ತರ್ತಿದ್ರು,” ಎಂದರು ಮಿಸ್ ರೂತ್. “ಗೊತ್ತಿರೋರು ಯಾರೂ ಇಲ್ವಾ?”

ಮಣ್ಣು ಹಚ್ಚುತ್ತಿದ್ದ ಹೆಂಗಸರೆಲ್ಲ ಈಗ ಚರ್ಚಿನ ಹಿಂದೆ ಸಮಾಧಿಯಲ್ಲಿ ಮಲಗಿದ್ದರು. ಚಿಕ್ಕಂದಿನಲ್ಲಿ ಅವರಿಗೆ ಮಣ್ಣು ಹೊತ್ತು ಕೊಟ್ಟವರಲ್ಲಿ ಊರಲ್ಲಿ ಉಳಿದವನು ಒಬ್ಬನೇ. ಈ ಸಲ ಎಲ್ಲರ ಕಣ್ಣು ಬೆನಿಲ್ದೆಯ ಮೇಲೆ ಬಿದ್ದವು.

ತಾತ ತೋಟದಲ್ಲಿದ್ದ. ಕಾಲುವೆಯ ಹಲಗೆ ಎತ್ತಿ ಮೆಣಸಿನ ಸಾಲಿಗೆ ನೀರು ಬಿಡುತ್ತಿದ್ದ. ಬೆನಿಲ್ದೆ ಬದುವಿನ ಮೇಲೆ ಕೂತಳು. ಮಣ್ಣಿನ ವಿಷಯ ಕೇಳಬೇಕೆಂದೇ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು. ಬಾಯಿಂದ ಬಂದದ್ದು ಬೇರೆ.

“ತಾತ, ನೀನು ಯಾಕೆ ಸಿಮೆಂಟು ಹಾಕ್ದೆ?”

ತಾತ ಹಲಗೆ ಬಿಟ್ಟು ಅವಳನ್ನು ನೋಡಿದ.

“ಎರಡು ವಾರದಿಂದ ಊರೆಲ್ಲ ಮಾತಾಡ್ತಿದೆ. ಇದನ್ನ ಒಬ್ರೂ ಕೇಳ್ಲಿಲ್ಲ,” ಎಂದ. ಬಂದು ಅವಳ ಪಕ್ಕ ಕೂತ.

“ಆಗೆಲ್ಲ ಪ್ರತಿ ಬೇಸಿಗೆ ಚರ್ಚಿಗೆ ಮಣ್ಣು ಹಚ್ಬೇಕಿತ್ತು. ಗಂಡಸರು ಹೊತ್ತು ತರ್ತಿದ್ರು. ಹಚ್ಚೋದು ಹೆಂಗಸರು, ಬರಿಗೈಲಿ. ಏಣಿ ಮೇಲೆ ನಮ್ಮಮ್ಮನೇ ಎಲ್ಲರಿಗಿಂತ ಮೇಲೆ. ಸಂಜೆ ಮನೆಗೆ ಬಂದ್ರೆ ಅವಳ ಕೈ ಬಿರಿದು ರಕ್ತ ಬರ್ತಿತ್ತು. ಹಿಟ್ಟು ನಾದಕ್ಕೂ ಆಗ್ತಿರ್ಲಿಲ್ಲ. ಹಂದಿ ಕೊಬ್ಬು ಸವರ್ಕೊಂಡು ಸುಮ್ನೆ ಕೂತಿರ್ತಿದ್ಲು.”

“ಆಮೇಲೆ?”

“ಆಮೇಲೆ ನಾನು ಹೊರಗೆ ಹೋಗಿ ಗಣೀಲಿ ಕೆಲಸ ಮಾಡಿ ಸಿಮೆಂಟು ಕಲಸೋದು ಕಲಿತೆ. ಒಂದ್ಸಲ ಹಾಕಿದ್ರೆ ಆಯ್ತು, ಅಮ್ಮ ಮತ್ತೆ ಏಣಿ ಹತ್ತೋದೇ ಬೇಡ ಅಂದ್ಕೊಂಡೆ. ಊರವರೆಲ್ಲ ಸೇರಿ ಹಾಕಿದ್ವಿ. ಎಲ್ರೂ ಕುಣಿದಾಡಿಬಿಟ್ರು. ಮುಂದಿನ ಬೇಸಿಗೇಲಿ ನಮ್ಮಮ್ಮ ಏಪ್ರಿಕಾಟ್ ಮರದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತಿದ್ಲು. ಬೇಸಿಗೇಲಿ ಹಗಲೊತ್ತು ಅವಳು ಕೂತಿದ್ದನ್ನ ನಾನು ನೋಡಿದ್ದೇ ಅವತ್ತು.”

ಸಾಲು ತುಂಬಿ ನೀರು ಬದುವಿನ ಮೇಲೆ ಹರಿಯತೊಡಗಿತು. ತಾತ ಎದ್ದು ಹೋಗಿ ಹಲಗೆ ಇಳಿಸಿದ.

“ಯಾವ ಮಣ್ಣು ತಂದಿದ್ದಾಳೆ ಆಯಮ್ಮ?”

“ರಸ್ತೆ ಪಕ್ಕದ್ದು. ನದಿ ದಂಡೇದು. ಇನ್ನೊಂದು ಅಂಗಡೀದು.”

“ಅಂಗಡೀದಾ?” ತಾತನ ಮುಖ ನೋಡುವ ಹಾಗಿತ್ತು. “ಮಣ್ಣನ್ನೂ ಅಂಗಡೀಲಿ ಕೊಳ್ಳೋ ಕಾಲ ಬಂತಾ. ನಡಿ, ಗಾಡಿ ಹತ್ತು.”

ಹಳೆಯ ಪಿಕಪ್ ಗಾಡಿ ಹಳ್ಳದ ಆಚೆಯ ಕೆಂಪು ದಿಬ್ಬದ ಬುಡದಲ್ಲಿ ನಿಂತಿತು. ತಾತ ಚಿಟಿಕೆ ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದ. ಹಲ್ಲಿಗೆ ಸ್ವಲ್ಪ ಮರಳು ಸಿಗಬೇಕಂತೆ, ಜಾಸ್ತಿ ಸಿಗಬಾರದಂತೆ. ಬೆನಿಲ್ದೆಯೂ ಅಗಿದು ನೋಡಿದಳು. ಅವಳಿಗೆ ಬರೀ ಮಣ್ಣಿನ ರುಚಿ ಬಂತು.

ಆ ಮಣ್ಣು ಬಿರುಕು ಬಿಡಲಿಲ್ಲ.

ಮಾರನೆಯ ವಾರ ತಾತನೇ ಚರ್ಚಿನ ಬಡಗು ಗೋಡೆಯ ಮುಂದೆ ಸುತ್ತಿಗೆ ಹಿಡಿದು ನಿಂತ. “ನಾನು ಹಾಕಿದ್ದು, ನಾನೇ ತೆಗೀತೀನಿ,” ಎಂದ. ಯಾರೂ ಅಡ್ಡ ಹೇಳಲಿಲ್ಲ. ಸಿಮೆಂಟು ತಂತಿಬಲೆಯ ಸಮೇತ ಹಾಳೆ ಹಾಳೆಯಾಗಿ ಬಂತು. ಸೂರಿನ ಕೆಳಗೆ ನೀರು ತಾಗದ ಜಾಗ ಬಂದಾಗ ತಾತ ಏಣಿಯ ಮೇಲೆ ಥಟ್ಟನೆ ಕೈ ನಿಲ್ಲಿಸಿದ.

ಸಿಮೆಂಟಿನ ಕೆಳಗೆ ಹಳೆಯ ಮಣ್ಣಿನ ಗಿಲಾವು ಹಾಗೇ ಇತ್ತು. ಅದರ ತುಂಬ ಬೆರಳು ಎಳೆದ ಗೀರುಗಳು. ಒಂದರ ಪಕ್ಕ ಒಂದು, ಐದೈದು ಗೀರಿನ ಕಮಾನುಗಳು. ಒಂದೆರಡು ಕಡೆ ಇಡೀ ಅಂಗೈಯೇ ಮೂಡಿತ್ತು.

ಬೆನಿಲ್ದೆ ಪಕ್ಕದ ಏಣಿ ಹತ್ತಿದಳು. “ನಿಮ್ಮಮ್ಮನ ಕೈ ಯಾವ್ದು ತಾತ?”

“ಯಾರಿಗ್ಗೊತ್ತು ಮಗಳೇ. ಎಂಟು ಜನ ಹೆಂಗಸರಿರ್ತಿದ್ರು.”

ಆದರೂ ಅವನು ಒಂದು ಗುರುತಿನ ಮೇಲೆ ಕೈ ಇಟ್ಟ. ಆಮೇಲೆ ಇನ್ನೊಂದರ ಮೇಲೆ. ಏಣಿಯಿಂದ ಕೈಗೆ ಎಟುಕಿದ್ದನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದ. ಕಣ್ಣೀರು ಸುರಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ.

ಮಿಸ್ ರೂತ್ ಫೋಟೋ ತೆಗೆದರು. “ಇದೊಂದು ಜಾಗ ಹೀಗೇ ಬಿಡೋಣ ಎಪಿಮೆನಿಯೊ ಅವರೇ. ಗಾಜು ಹಾಕಿ ಉಳಿಸ್ತೀವಿ.”

“ಬೇಡಮ್ಮ,” ಎಂದ ತಾತ. “ಇದು ನೋಡೋದಕ್ಕೆ ಅಂತ ಮಾಡಿದ್ದಲ್ಲ. ಹೋದ ವರ್ಷದವರ ಕೈ ಮೇಲೆ ಈ ವರ್ಷದವರ ಕೈ ಬೀಳ್ಬೇಕು, ಅದೇ ಪದ್ಧತಿ. ಮುಚ್ಚಿ. ಈ ಸಲ ಮಣ್ಣಲ್ಲಿ ಮುಚ್ಚಿ.” ಆಮೇಲೆ ಮೊಮ್ಮಗಳ ಕಡೆ ತಿರುಗಿ, “ಬೆನಿಲ್ದೆ, ಬಾ, ನೀನೇ ಶುರು ಮಾಡು. ಕೆಳಗಿಂದ ಮೇಲಕ್ಕೆ ಎಳಿ,” ಎಂದ.

ಅವಳು ಮಣ್ಣಿನ ಮುದ್ದೆ ತೆಗೆದುಕೊಂಡು ಒಂದು ಹಳೆಯ ಅಂಗೈಯ ಮೇಲೆ ಒತ್ತಿದಳು. ಆ ಅಂಗೈ ಮರೆಯಾಯಿತು, ಅವಳದ್ದು ಮೂಡಿತು. ಪಕ್ಕದಲ್ಲಿ ಅಮ್ಮ ಹಚ್ಚುತ್ತಿದ್ದಳು. ಅವಳ ಪಕ್ಕ ದೊಡ್ಡಮ್ಮ. ಲಿಯಾಂದ್ರೊ ಕೆಳಗಿನಿಂದ ಬಕೆಟ್ಟು ಎತ್ತಿ ಕೊಡುತ್ತ, ಇದಕ್ಕಿಂತ ಮ್ಯಾಥ್ಸೇ ವಾಸಿ ಎಂದು ಗೊಣಗುತ್ತಿದ್ದ.

ಸಂಜೆ ಬೆನಿಲ್ದೆ ಕೈ ತೊಳೆದಾಗ ಉರಿ ಹತ್ತಿತು. ಹುಲ್ಲು ಗೀರಿದ ಕಡೆ, ಮರಳು ತರಚಿದ ಕಡೆ ಎಲ್ಲ ಕೆಂಪಗಾಗಿತ್ತು. ತಾತ ಬಟ್ಟಲಲ್ಲಿ ಕೊಬ್ಬು ತಂದು ಅವಳ ಬೆರಳುಗಳಿಗೆ ಒಂದೊಂದಾಗಿ ಸವರಿದ. ಭಾನುವಾರ ಯಾವ ಅಂಗಿ ಹಾಕಿಕೊಂಡು ಹೋಗಲಿ ಎಂದು ಕೇಳಿದ. ಬೆನಿಲ್ದೆ ಬಿಳಿಯದು ಎಂದಳು.

ಒಲೆಯ ಹತ್ತಿರ ಅಮ್ಮ ರೊಟ್ಟಿಗೆ ಹಿಟ್ಟು ನಾದಲು ಹೊರಟವಳು ಒಂದೆರಡು ಸಲ ಒತ್ತಿ ಕೈ ಹಿಂದೆ ತೆಗೆದುಕೊಂಡಳು. ಅಂಗೈ ನೋಡಿಕೊಂಡಳು. ಮತ್ತೆ ಮೆಲ್ಲಗೆ ಒತ್ತಿದಳು.

ಬೆನಿಲ್ದೆ ನೋಡುತ್ತಲೇ ಇದ್ದಳು. ಇನ್ನೂ ಮೂರು ಗೋಡೆ ಬಾಕಿ ಇತ್ತು. ಮುಂದಿನ ವರ್ಷ ಮತ್ತೆ ನಾಲ್ಕೂ. ಮಣ್ಣಿನ ಗೋಡೆಗೆ ಸಿಮೆಂಟು ಆಗದು ಎಂದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಆದರೂ, ಒಂದು ಸಲ ಹಚ್ಚಿದರೆ ಸಾಕು, ನಿಮ್ಮಮ್ಮ ಮತ್ತೆ ಏಣಿ ಹತ್ತಬೇಕಿಲ್ಲ ಎಂದು ಆ ಹೊತ್ತಿನಲ್ಲಿ ಯಾರಾದರೂ ಹೇಳಿದ್ದರೆ, ಆ ಸಿಮೆಂಟಿನ ಮೂಟೆಯನ್ನು ಅವಳು ತಾನೇ ಹೊತ್ತು ತರುತ್ತಿದ್ದಳು.